ಹೊಳೆದಂಡೆಯ ಊರು, ಪೇಟೆಯ ಊರು

ತುಂಗಭದ್ರೆ ಹರಿಯುವುದು ಹರಿಹರದ ಮಗ್ಗುಲಲ್ಲಿ. ಎಂಟುನೂರು ವರ್ಷದ ಹೊಯ್ಸಳರ ಗುಡಿ ಇರುವುದು ಹರಿಹರದಲ್ಲಿ. ಕೋಟೆ ಕಟ್ಟಿದ್ದು, ಕಂಪನಿ ಸರ್ಕಾರದ ಪಲ್ಟನ್ನು ಠಾಣೆ ಹೂಡಿದ್ದು, ಹೊಳೆಗೆ ಕಲ್ಲಿನ ಸೇತುವೆ ಕಟ್ಟಿದ್ದು ಎಲ್ಲವೂ ಅಲ್ಲೇ. ಅಲ್ಲಿಂದ ಹದಿನಾಲ್ಕು ಕಿಲೋಮೀಟರ್ ದೂರದ ದಾವಣಗೆರೆಗೆ ಹೊಳೆಯಿಲ್ಲ, ಅರಮನೆಯಿಲ್ಲ, ನಾಡಿನ ಮೂಲೆಮೂಲೆಯಿಂದ ಭಕ್ತರು ಬರುವಂಥ ಪ್ರಾಚೀನ ಕ್ಷೇತ್ರವೂ ಇರಲಿಲ್ಲ. ಪಕ್ಕದ ಬೇತೂರಿನ ನೆರಳಲ್ಲಿದ್ದ ಸಣ್ಣ ಹಳ್ಳಿ ಅದು. 2011ರ ಜನಗಣತಿ ಹೊತ್ತಿಗೆ ಆ ಹಳ್ಳಿಯ ಜನಸಂಖ್ಯೆ ಸುಮಾರು 4.35 ಲಕ್ಷ ಮುಟ್ಟಿತ್ತು. ಹರಿಹರದ್ದು 83 ಸಾವಿರದ ಆಸುಪಾಸು.

ಊರು ಹುಟ್ಟುವ ಬಗೆಯನ್ನು ನಾವೆಲ್ಲ ಶಾಲೆಯಲ್ಲಿ ಈಜಿಪ್ಟಿನ ಪಾಠದಿಂದ ಕಲಿತವರು. ನೈಲ್ ನದಿ ಹರಿಯಿತು, ದಂಡೆಯಲ್ಲಿ ಮೆಂಫಿಸ್, ಥೀಬ್ಸ್ ಎದ್ದವು, ದೇವಾಲಯದ ಸುತ್ತ ಜನ ನೆಲೆಸಿದರು. ಹರಿಹರದ ಮಟ್ಟಿಗೆ ಆ ಪಾಠ ಅಕ್ಷರಶಃ ಸರಿ. ದಾವಣಗೆರೆಯ ಮಟ್ಟಿಗೆ ಅದರಿಂದ ಏನೂ ತಿಳಿಯುವುದಿಲ್ಲ. ಹೊಳೆ ಇರುವ ಕಡೆ ಊರು ಹುಟ್ಟಬಹುದು. ಆದರೆ ಬೆಳೆಯಬೇಕೆಂದರೆ ಊರಲ್ಲಿ ದುಡಿದ ದುಡ್ಡು ಊರಲ್ಲೇ ನಿಲ್ಲಬೇಕು, ಒಂದು ಕಸುಬು ಬಿದ್ದಾಗ ಇನ್ನೊಂದಕ್ಕೆ ಹೊರಳಬೇಕು. ಈ ಎರಡು ಊರುಗಳ ಚರಿತ್ರೆಯನ್ನು ಅಕ್ಕಪಕ್ಕ ಇಟ್ಟು ಓದಿದಾಗ ನನಗೆ ಕಂಡದ್ದು ಇದು.

ಹರಿಹರದಿಂದಲೇ ಶುರು ಮಾಡೋಣ. ಸೂಳೆಕೆರೆಯಿಂದ ಹೊರಟ ಹರಿದ್ರಾ ಹಳ್ಳ ತುಂಗಭದ್ರೆಯನ್ನು ಕೂಡುವ ಜಾಗ ಇದು, ಕೂಡಲೂರು ಎಂದು ಹಳೆಯ ಹೆಸರು. ಹೊಯ್ಸಳ ಎರಡನೇ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಇಲ್ಲಿ ಹರಿಹರೇಶ್ವರನ ಗುಡಿ ಕಟ್ಟಿಸಿದ. ಬಲಕ್ಕೆ ಶಿವ, ಎಡಕ್ಕೆ ವಿಷ್ಣು, ಒಂದೇ ಮೂರ್ತಿ. 1268ರಲ್ಲಿ ಮೂರನೇ ನರಸಿಂಹನ ದಂಡನಾಯಕ ಸೋಮನಾಥ, ಸೋಮನಾಥಪುರ ಕಟ್ಟಿಸಿದವನೇ, ಐದು ನೆಲೆಯ ಗೋಪುರ ಎತ್ತಿಸಿ ಅದರ ಮೇಲೆ 115 ಚಿನ್ನದ ಕಳಶ ಇಡಿಸಿದ ಎಂದು ಶಾಸನ ಹೇಳುತ್ತದೆ. ಆ ಗೋಪುರ ಇಂದಿಲ್ಲ. ಮಹಾಮಂಟಪದ ಕಂಬಗಳು ಇವೆ. ಅವುಗಳ ನುಣುಪಾದ ಉರುಟು ಮೈಮೇಲೆ ಬೆರಳಾಡಿಸಿದರೆ ಒಂದರ ಮೇಲೊಂದು ಬಳೆ ಜೋಡಿಸಿದಂತೆ ಅಂಚುಗಳು ಸಿಗುತ್ತವೆ. ಬಳಪದ ಕಲ್ಲನ್ನು ತಿರುಗಣೆಗೆ ಹಾಕಿ, ತಿರುಗಿಸುತ್ತ ಕಡೆದ ಕಂಬಗಳು ಇವು. ಈ ತಿರುಗಣೆಯ ವಿಷಯ ಮುಂದೆ ಮತ್ತೆ ಬರುತ್ತದೆ.

ಹೊಳೆ ದಾಟುವ ಕಡವು ಯಾರ ಕೈಲಿರುತ್ತದೋ ಆ ಸೀಮೆ ಅವರದು. ಹಾಗಾಗಿ ಹರಿಹರಕ್ಕೆ ನೆಮ್ಮದಿ ಇರಲಿಲ್ಲ. ವಿಜಯನಗರ ಬಿದ್ದ ಮೇಲೆ ತರೀಕೆರೆ ಪಾಳೆಯಗಾರರು ಕೋಟೆ ಕಟ್ಟಿದರು, ಸವಣೂರು ನವಾಬರು ಕಿತ್ತುಕೊಂಡರು, ಬಿದನೂರಿನವರ ಕೈಗೆ ಹೋಯಿತು, 1763ರಲ್ಲಿ ಹೈದರಾಲಿ ಗೆದ್ದ, ನಡುನಡುವೆ ಮರಾಠರು ಬಂದುಹೋದರು. ಬ್ರಿಟಿಷರ ಕಾಲಕ್ಕೆ ಊರಾಚೆ ವಾಯವ್ಯಕ್ಕೆ ದೇಶಿ ಪಲ್ಟನ್ನಿನ ದಂಡು ಇತ್ತು, 1865ರಲ್ಲಿ ಅದನ್ನೂ ಎತ್ತಿದರು. ಮೂರೇ ವರ್ಷಕ್ಕೆ, 1868ರಲ್ಲಿ, ಬೆಂಗಳೂರಿನಿಂದ ಧಾರವಾಡಕ್ಕೆ ಹೋಗುವ ಹೆದ್ದಾರಿಗೆ ಕಲ್ಲು-ಇಟ್ಟಿಗೆಯ ಸೇತುವೆ ಆಯಿತು. ಅರವತ್ತು ಅಡಿ ಅಗಲದ 14 ಕಮಾನು, ಖರ್ಚು ಹತ್ತಿರ ಹತ್ತಿರ ಮೂರು ಲಕ್ಷ ರೂಪಾಯಿ. ಕ್ಷೇತ್ರವಾದದ್ದು, ಕೋಟೆಯಾದದ್ದು, ದಂಡಾದದ್ದು, ಸೇತುವೆಯಾದದ್ದು, ಪ್ರತಿಯೊಂದೂ ಹೊರಗಿನ ದೊರೆಯ ಅಪ್ಪಣೆ. ಅಪ್ಪಣೆ ಬದಲಾದಾಗ ಊರಿನ ಗತಿಯೂ ಬದಲಾಯಿತು. ಸೇತುವೆ ದಾಟಿದರೆ ಮುಂಬೈ ಇಲಾಖೆ, ಈಚೆ ಮೈಸೂರು ಸಂಸ್ಥಾನ. 1956ರ ನವೆಂಬರ್ 1ರವರೆಗೂ ಹರಿಹರ ಗಡಿಯೂರಾಗಿಯೇ ಉಳಿಯಿತು.

ದಾವಣಗೆರೆಯ ಚರಿತ್ರೆ ಶುರುವಾಗುವುದು ಅಂಗಡಿಗಳಿಂದ. ಹೈದರಾಲಿ ಈ ಹಳ್ಳಿಯನ್ನು ಆಪೋಜಿ ರಾಮ್ ಎಂಬ ಮರಾಠಾ ಸರದಾರನಿಗೆ ಜಹಗೀರು ಕೊಟ್ಟ. ಆತ ಗುಡಿ ಕಟ್ಟಿಸಿದ, ಕೋಟೆ ಹಾಕಿಸಿದ ಎಂಬ ಮಾತು ಎಲ್ಲೂ ಇಲ್ಲ. ಇರುವ ಮಾತು ಒಂದೇ: ವರ್ತಕರನ್ನು ಕರೆತಂದು ನೆಲೆಯೂರಿಸಿದ. ಅವನಿಗೆ ಮಕ್ಕಳಿರಲಿಲ್ಲ. ಅವನು ಸತ್ತ ಮೇಲೂ ಟಿಪ್ಪು ಆ ವರ್ತಕರಿಗೆ ಆಸರೆ ತಪ್ಪಿಸಲಿಲ್ಲ. ರೈಸ್ ಸಾಹೇಬರ ಮೈಸೂರು ಗೆಜೆಟಿಯರ್ ಬರೆಯುವ ಕಾಲಕ್ಕೆ ಇದು ಚಿತ್ರದುರ್ಗ ಜಿಲ್ಲೆಯ ದೊಡ್ಡ ವ್ಯಾಪಾರದ ಪೇಟೆ. ಮಲೆನಾಡಿನ ಅಡಿಕೆ, ಮೆಣಸು ಇಲ್ಲಿಗೆ ಬಂದು, ಇಲ್ಲಿಂದ ಉತ್ತರ ಆರ್ಕಾಟಿನ ವಾಲಾಜಾಪೇಟೆಗೆ ಹೋಗುತ್ತಿತ್ತು. ಮದರಾಸಿನ ಬಂದರಿಗೆ ಇಳಿದ ಯುರೋಪು, ಚೀನಾದ ಸರಕು, ಸೇಲಂ ಬಟ್ಟೆ ಮರಳಿ ಬರುತ್ತಿತ್ತು. ಊರಿನದೇ ಮಾಲು ಎಂದರೆ ಕಂಬಳಿ. ಅದರಲ್ಲೂ ನಯವಾದ ನೂಲಿನ, ನೀರು ಇಳಿಯದ ಕಂಬಳಿ ಒಂದೊಂದಕ್ಕೆ ಇನ್ನೂರು ಮುನ್ನೂರು ರೂಪಾಯಿ ಬಿದ್ದದ್ದುಂಟು ಎಂದು ಗೆಜೆಟಿಯರ್ ದಾಖಲಿಸಿದೆ. ಅಂದಿನ ಮುನ್ನೂರು ರೂಪಾಯಿ! ಕುರಿ ಕಾಯುವವರ, ಮಗ್ಗದ ಗುಂಡಿಯಲ್ಲಿ ಕೂತವರ ಕೈಚಳಕಕ್ಕೆ ಸಿಕ್ಕ ಬೆಲೆ ಅದು. ದಾವಣಗೆರೆಯ ಮೊದಲ ಬಂಡವಾಳ ಯಾವುದೆಂದು ಕೇಳಿದರೆ ನಾನು ಆ ಕಂಬಳಿಯನ್ನು ತೋರಿಸುತ್ತೇನೆ.

ಇಷ್ಟಾದರೂ 1901ರಲ್ಲಿ ಇಲ್ಲಿದ್ದವರು ಹತ್ತು ಸಾವಿರ ಜನ. ಹಗೇದಿಬ್ಬ, ದೊಡ್ಡಪೇಟೆ, ಚೌಕಿಪೇಟೆ, ದುಗ್ಗಮ್ಮನ ಗುಡಿ, ಅಲ್ಲಿಗೆ ಊರು ಮುಗಿಯುತ್ತಿತ್ತು. ಅಷ್ಟರಲ್ಲಾಗಲೇ, 1880ರ ದಶಕದ ಕೊನೆಗೆ, ಬೆಂಗಳೂರಿನಿಂದ ಹರಿಹರದತ್ತ ಮೀಟರ್‌ಗೇಜ್ ರೈಲು ಬಂದಿತ್ತು, ನಿಧಾನವಾಗಿ ಅದೇ ಚಿತ್ರ ಬದಲಿಸಿತು. ರೈಲು ಎರಡೂ ಊರಿಗೆ ಬಂತು, ಸರಕು ಇಳಿದದ್ದು ಮಾತ್ರ ದಾವಣಗೆರೆಯಲ್ಲಿ. ಹರಪನಹಳ್ಳಿ, ಜಗಳೂರು ಕಡೆಯ ಎರೆಹೊಲಗಳ ಹತ್ತಿ, ಶೇಂಗಾ, ಜೋಳ ಗಾಡಿಯಲ್ಲಿ ಬಂದು ಮಂಡಿಪೇಟೆಗೆ ಬೀಳುತ್ತಿತ್ತು. ಅಡತಿ ಅಂಗಡಿಯವನು ಬೀಜ ತರಲು, ಮದುವೆ ಮಾಡಲು ರೈತನಿಗೆ ಮುಂಗಡ ಕೊಡುತ್ತಿದ್ದ, ಸುಗ್ಗಿಗೆ ಮಾಲು ಅವನ ಅಂಗಡಿಗೇ ಬರುತ್ತಿತ್ತು. ಇದರಲ್ಲಿ ರೈತನ ಮೇಲೆ ಸಾಲದ ಭಾರ ಬಿದ್ದದ್ದೂ ನಿಜ, ಊರಿಗೆ ಬಂಡವಾಳ ಕೂಡಿದ್ದೂ ನಿಜ. ಎರಡನ್ನೂ ಒಟ್ಟಿಗೇ ಹೇಳಬೇಕು.

ಪೇಟೆಯಿದ್ದ ಕಡೆ ಹೊಟ್ಟೆಪಾಡು ಹುಡುಕಿ ಜನ ಬರುತ್ತಾರೆ. ಬೆಳಗಾವಿ ಸೀಮೆಯಿಂದ 1928ರ ಸುಮಾರಿಗೆ ಮಕ್ಕಳನ್ನು ಕರೆದುಕೊಂಡು ಬಂದ ಚೆನ್ನಮ್ಮ ಎಂಬ ತಾಯಿ ನಾಟಕ ಥಿಯೇಟರಿನ ಹತ್ತಿರ ದೋಸೆ ಹಾಕಿ ಮಾರಿದರಂತೆ, ಮೊದಲಿಗೆ ಅದು ರಾಗಿ ದೋಸೆಯಂತೆ. ಮಕ್ಕಳ ಕೈಯಲ್ಲಿ ಅದು ಅಕ್ಕಿ, ಉದ್ದು, ಮಂಡಕ್ಕಿ ಸೇರಿದ ಹಿಟ್ಟಾಗಿ, ಮೇಲೆ ಬೆಣ್ಣೆ ಬಿದ್ದು, ಇಂದು ಬೆಂಗಳೂರಿನ ಬೀದಿಬೀದಿಯಲ್ಲಿ ಬೋರ್ಡು ಹಾಕಿಕೊಂಡಿದೆ. ನಾಟಕ ನೋಡಲು, ಹತ್ತಿ ಮಾರಲು ಬಂದವರು ಹಸಿದಿದ್ದರು ಎಂಬುದೇ ಬೆಣ್ಣೆದೋಸೆಯ ಚರಿತ್ರೆಯ ತಿರುಳು.

1930ರ ದಶಕದ ನಡುವೆ ಊರಿನ ವರ್ತಕರು ಒಂದು ದೊಡ್ಡ ಹೆಜ್ಜೆ ಇಟ್ಟರು. ಹತ್ತಿಯನ್ನು ಹಿಂಜಿ, ಅಂಡಿಗೆ ಕಟ್ಟಿ ಮುಂಬೈಗೆ ಕಳಿಸುವ ಬದಲು ಇಲ್ಲೇ ನೂಲು ತೆಗೆದರೆ ಹೇಗೆ? ರಾಜನಹಳ್ಳಿ ಹನುಮಂತಪ್ಪನವರ ಮುಂದಾಳತ್ವದಲ್ಲಿ ದಾವಣಗೆರೆ ಕಾಟನ್ ಮಿಲ್ಸ್ ಎದ್ದಿತು. ಅದರ ಹಿಂದೆ ಶಂಕರ್, ಚಂದ್ರೋದಯ, ಆಂಜನೇಯ, ಗಣೇಶರ್, ಸಿದ್ಧೇಶ್ವರ, ತೋಳಹುಣಸೆಯ ಎಲ್ಲಮ್ಮ ಮಿಲ್ಲು. ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಬಿರುದು ಆಗ ಬಂತು.

ಈಜಿಪ್ಟಿನ ಮಾತು ಇಲ್ಲಿ ಮತ್ತೆ ಬೇಕು, ಈ ಸಲ ಪಿರಮಿಡ್ಡಿನ ಈಜಿಪ್ಟ್ ಅಲ್ಲ. 1861ರಿಂದ 65ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಲ್ಯಾಂಕಶೈರಿನ ಗಿರಣಿಗಳಿಗೆ ಹತ್ತಿ ಬರುವುದು ನಿಂತಾಗ, ಆ ಬರ ತುಂಬಿದ್ದು ಒಂದು ಕಡೆ ನೈಲ್ ಮುಖಜಭೂಮಿ, ಇನ್ನೊಂದು ಕಡೆ ನಮ್ಮ ಧಾರವಾಡ ಸೀಮೆಯ ಎರೆ. ಎರಡೂ ಕಡೆ ಹತ್ತಿಯ ಬೆಲೆ ಗಗನಕ್ಕೇರಿತು, ಯುದ್ಧ ಮುಗಿದೊಡನೆ ನೆಲಕ್ಕೆ ಬಿತ್ತು. ಬೆಳೆಯುವವರು ನಾವು, ಬೆಲೆ ಕಟ್ಟುವವರು ಲಿವರ್‌ಪೂಲಿನಲ್ಲಿ. ಈ ಕಟ್ಟಿನಿಂದ ಬಿಡಿಸಿಕೊಳ್ಳಬೇಕೆಂದು ಈಜಿಪ್ಟಿನ ತಲಾಅತ್ ಹರ್ಬ್ 1920ರಲ್ಲಿ ಬ್ಯಾಂಕ್ ಮಿಸ್ರ್ ತೆರೆದರು. ಅದೇ ಬ್ಯಾಂಕಿನ ಹಣದಿಂದ 1927ರಲ್ಲಿ ಮಹಲ್ಲಾ ಅಲ್ ಕುಬ್ರಾ ಪಟ್ಟಣದಲ್ಲಿ ನೂಲಿನ ಗಿರಣಿ ಶುರುವಾಯಿತು. ಹತ್ತಿ ಹೊಲಗಳ ನಡುವಿನ ಪೇಟೆಯೊಂದು ಗಿರಣಿಯೂರಾಯಿತು. ನಮ್ಮೂರಿನ ವರ್ತಕರು ಮಹಲ್ಲಾದ ಹೆಸರು ಕೇಳಿರಲಾರರು. ಆದರೂ ಹತ್ತು ವರ್ಷದ ಅಂತರದಲ್ಲಿ ಎರಡು ಹತ್ತಿಯೂರುಗಳಿಗೆ ಒಂದೇ ಯೋಚನೆ ಹೊಳೆಯಿತು. ಮಹಲ್ಲಾದ ಗಿರಣಿಯನ್ನು 1960ರಲ್ಲಿ ನಾಸರ್ ಸರ್ಕಾರ ರಾಷ್ಟ್ರೀಕರಿಸಿತು. ದಾವಣಗೆರೆಯವು ಕುಟುಂಬಗಳ, ಷೇರುದಾರರ ಕೈಯಲ್ಲೇ ಉಳಿದವು. ಆ ವ್ಯತ್ಯಾಸಕ್ಕೆ ಮುಂದೆ ಬೆಲೆ ತೆರಬೇಕಾಯಿತು.

ಮಿಲ್ಲುಗಳ ಕಾಲದ ದಾವಣಗೆರೆಗೆ ಗಡಿಯಾರ ಬೇಕಿರಲಿಲ್ಲ. ಮೂರು ಪಾಳಿಯ ಸೈರನ್ನಿನ ಮೇಲೆ ಮನೆಮನೆಯ ಒಲೆ ಹೊತ್ತುತ್ತಿತ್ತು, ಹೋಟೆಲಿನ ಬಾಗಿಲು ತೆರೆಯುತ್ತಿತ್ತು. ಮಿಲ್ಲಿನಲ್ಲಿ ಕೆಲಸವಿದೆ ಎಂದರೆ ಹೆಣ್ಣು ಕೊಡಲು ಹಿಂದೆಮುಂದೆ ನೋಡದ ಕಾಲ. ಕಾರ್ಮಿಕರ ಸಂಘಟನೆಯೂ ಅಷ್ಟೇ ಗಟ್ಟಿ. ಕಮ್ಯುನಿಸ್ಟ್ ಪಕ್ಷದ ಪಂಪಾಪತಿಯವರನ್ನು ಈ ಊರು 1978, 1983, 1985ರಲ್ಲಿ ವಿಧಾನಸಭೆಗೆ ಆರಿಸಿ ಕಳಿಸಿತು. ವರ್ತಕರ ಊರೆಂದು ಹೆಸರಾದ ಕಡೆ ಕೆಂಬಾವುಟಕ್ಕೆ ಮೂರು ಸಲ ಗೆಲುವು! ಪೇಟೆ ಕಟ್ಟಿದವರು ಒಂದೇ ವರ್ಗದವರಲ್ಲ ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ನನಗೆ ಗೊತ್ತಿಲ್ಲ.

ಆಮೇಲೆ ಒಂದೊಂದೇ ಸೈರನ್ ನಿಂತಿತು. ಹಳೆಯ ಯಂತ್ರ, ಕರೆಂಟಿನ ಅಭಾವ, ಪವರ್‌ಲೂಮಿನ ಪೈಪೋಟಿ, ಪಾಲಿಯೆಸ್ಟರ್, ಮುಗಿಯದ ಮುಷ್ಕರ, ಲಾಭ ಬಂದಾಗ ಮಾಲೀಕರು ಯಂತ್ರಕ್ಕೆ ಹಾಕದ ದುಡ್ಡು, ಎಲ್ಲ ಸೇರಿದವು. ಇನ್ನೊಂದು ಕಾರಣ ಹೊಲದಲ್ಲೇ ಇತ್ತು. ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟು ಎದ್ದು, 1960ರ ದಶಕದಲ್ಲಿ ಬಲದಂಡೆ ನಾಲೆಯ ನೀರು ಈ ಬಯಲಿಗೆ ಹರಿಯಿತು. ಹತ್ತಿ, ಜೋಳ ಬೆಳೆಯುತ್ತಿದ್ದ ಅಚ್ಚುಕಟ್ಟಿನ ರೈತ ಭತ್ತಕ್ಕೆ, ಕಬ್ಬಿಗೆ ಹೊರಳಿದ. ಮಿಲ್ಲಿನ ಸುತ್ತಲ ಹೊಲದಲ್ಲೇ ಹತ್ತಿ ಕಾಣೆಯಾಯಿತು, ಅಕ್ಕಿ ಗಿರಣಿಗಳು ತಲೆಯೆತ್ತಿದವು. ನಾಲೆ ಮುಟ್ಟದ ಜಗಳೂರಿನ ಕಡೆ ಮೆಕ್ಕೆಜೋಳ ಬಂತು. ಎಪಿಎಂಸಿ ಅಂಗಳದಲ್ಲಿ ಈಗ ಸುಗ್ಗಿಯೆಂದರೆ ಕಣ್ಣು ಹಾಯುವಷ್ಟು ಹಳದಿ ರಾಶಿ. ಪೇಟೆ ಬದುಕಿತು. ಮಿಲ್ಲಿನವರು ಬೀದಿಗೆ ಬಿದ್ದರು. ಬಾಕಿ ಹಣಕ್ಕಾಗಿ ವರ್ಷಗಟ್ಟಲೆ ಅಲೆದು ಕಣ್ಮುಚ್ಚಿದವರ ಮಾತು ದಾವಣಗೆರೆಯ ಪ್ರಗತಿಯ ಭಾಷಣಗಳಲ್ಲಿ ಬರುವುದೇ ಇಲ್ಲ. ಬರಬೇಕಿತ್ತು.

ಹೊಳೆದಂಡೆಗೆ ಮರಳೋಣ. 1941ರಲ್ಲಿ ಹರಿಹರಕ್ಕೆ ಮತ್ತೊಂದು ಅದೃಷ್ಟ ಹೊರಗಿನಿಂದ ಬಂತು. ಮೈಸೂರು ಸಂಸ್ಥಾನದ ಆಸರೆಯಲ್ಲಿ ಕಿರ್ಲೋಸ್ಕರ್ ಮನೆತನದವರು ಇಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಶುರು ಮಾಡಿದರು. ಮಹಾಯುದ್ಧದಿಂದಾಗಿ ಹೊರದೇಶದ ಯಂತ್ರ ಸಿಗದ ದಿನಗಳು. ಇಲ್ಲಿ ತಯಾರಾದದ್ದು ಲೇತ್, ಅಂದರೆ ತಿರುಗಣೆ ಯಂತ್ರ. ತಿರುಗಣೆಯಲ್ಲಿ ಕಡೆದ ಹೊಯ್ಸಳ ಕಂಬಗಳ ಊರಿನಲ್ಲಿ, ಏಳುನೂರು ವರ್ಷದ ಮೇಲೆ ದೇಶಕ್ಕೇ ತಿರುಗಣೆ ಮಾಡಿಕೊಡುವ ಕಾರ್ಖಾನೆ! ಆಗ ಕಲ್ಲು, ಈಗ ಉಕ್ಕು. ಎಂಟರ್‌ಪ್ರೈಸ್, ಟರ್ನ್‌ಮಾಸ್ಟರ್ ಎಂಬ ಹೆಸರಿನ ಆ ಲೇತುಗಳ ಮೇಲೆ ಕೈಯಿಟ್ಟು ಕೆಲಸ ಕಲಿತವರು ನಾಡಿನ ಐಟಿಐ, ಪಾಲಿಟೆಕ್ನಿಕ್ಕುಗಳಲ್ಲಿ ಲೆಕ್ಕವಿಲ್ಲದಷ್ಟು. ಕಾರ್ಖಾನೆಯ ಸುತ್ತ ಯಂತ್ರಪುರ ಬೆಳೆಯಿತು. ಕಾಲೊನಿ, ಶಾಲೆ, ಮೈದಾನ, ಸಂಬಳದ ದಿನ ತುಂಬಿ ತುಳುಕುವ ಹರಿಹರದ ಸಂತೆ. ಕಂಪ್ಯೂಟರ್ ನಿಯಂತ್ರಿತ ಯಂತ್ರಗಳ ಕಾಲ ಬಂದಾಗ, ಆಮದು ಸುಲಭವಾದಾಗ ಅದು ಬಳಲಿತು. ಹೊಸ ಶತಮಾನ ಹುಟ್ಟಿದ ಹೊತ್ತಿಗೆ ಬಾಗಿಲು ಹಾಕಿತು. ಅಲ್ಲಿ ಪಳಗಿದ ಕೈಗಳಲ್ಲಿ ಕೆಲವು ಊರಲ್ಲೇ ಫೌಂಡ್ರಿ, ಸಣ್ಣ ವರ್ಕ್‌ಶಾಪ್ ತೆರೆದು ನಿಂತವು. ಉಳಿದವರು ಬೆಂಗಳೂರು, ಪುಣೆ ಸೇರಿದರು.

ನಡುವೆ 1970ರ ದಶಕದ ಆರಂಭದಲ್ಲಿ ಬಿರ್ಲಾ ಬಳಗದ ಹರಿಹರ ಪಾಲಿಫೈಬರ್ಸ್ ಬಂತು. ಹೆಸರು ಹರಿಹರದ್ದು, ಕಾರ್ಖಾನೆ ಇರುವುದು ಆಚೆ ದಂಡೆಯ ಕುಮಾರಪಟ್ಟಣದಲ್ಲಿ. ರಾಣೆಬೆನ್ನೂರು ತಾಲ್ಲೂಕು, ಈಗ ಹಾವೇರಿ ಜಿಲ್ಲೆ. ನೀಲಗಿರಿ ಮರವನ್ನು ತಿರುಳಾಗಿಸಿ ನಾರು ತೆಗೆಯುವ ಉದ್ಯಮಕ್ಕೆ ಎರಡು ವಸ್ತು ಬೇಕು: ಮರ ಮತ್ತು ನೀರು. ನೀರು ಹೊಳೆಯಿಂದ ಹೋಗಿ ಕಂದುಬಣ್ಣಕ್ಕೆ ತಿರುಗಿ ಹೊಳೆಗೇ ಬಂತು. ಮೀನು ಸತ್ತು ತೇಲಿದಾಗ ಕೆಳದಂಡೆಯ ಮೀನುಗಾರರು, ರೈತರು ಎದ್ದು ನಿಂತರು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಆ ದನಿಯನ್ನು ನ್ಯಾಯಾಲಯದವರೆಗೂ ಒಯ್ದಿತು. ಮರಕ್ಕಾಗಿ ಹಳ್ಳಿಗಳ ಗೋಮಾಳವನ್ನು ಬೇರೊಂದು ಕಂಪನಿಗೆ ಗುತ್ತಿಗೆ ಕೊಟ್ಟಾಗ, 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು ತಮಗೆ ಬೇಕಾದ ಗಿಡ ನೆಟ್ಟರು. ಕಿತ್ತಿಕೋ-ಹಚ್ಚಿಕೋ ಎಂದೇ ಆ ಸತ್ಯಾಗ್ರಹಕ್ಕೆ ಹೆಸರು. 1991ಕ್ಕೆ ಆ ಗುತ್ತಿಗೆ ಕಂಪನಿ ಮುಚ್ಚಿತು. ದೇಶದ ಪರಿಸರ ಹೋರಾಟಗಳಲ್ಲಿ ಈ ಹೊಳೆದಂಡೆಗೆ ಸಿಗಬೇಕಾದ ಜಾಗ ಇನ್ನೂ ಸಿಕ್ಕಿಲ್ಲ. ದಲಿತ ಸಂಘರ್ಷ ಸಮಿತಿ ಕಟ್ಟಿದ ಪ್ರೊ. ಬಿ. ಕೃಷ್ಣಪ್ಪ ಹುಟ್ಟಿದ್ದೂ ಇದೇ ಹರಿಹರದಲ್ಲಿ, 1938ರಲ್ಲಿ. ಗುಡಿ, ಕಾರ್ಖಾನೆಗಳ ಜೊತೆಗೆ ಈ ಪಟ್ಟಣ ಬಂಡಾಯವನ್ನೂ ಸಾಕಿದೆ.

ಮಿಲ್ಲು ಹೋದ ಮೇಲೂ ದಾವಣಗೆರೆ ಕುಗ್ಗದಿರಲು ಕಾರಣ, ಅದು ಮಿಲ್ಲು ಇರುವಾಗಲೇ ಇನ್ನೊಂದು ಗದ್ದೆಗೆ ಬೀಜ ಹಾಕಿತ್ತು. 1951ರಲ್ಲಿ ಎಂಜಿನಿಯರಿಂಗ್ ಕಾಲೇಜು ಬಂತು. ಅದಕ್ಕೆ ದಾನ ಕೊಟ್ಟ ತವನಪ್ಪನವರ್ ಮನೆತನದ ಹೆಸರು ಯುಬಿಡಿಟಿ ಎಂಬ ಅಕ್ಷರಗಳಲ್ಲಿ ಇಂದಿಗೂ ಇದೆ. 1958ರಲ್ಲಿ ಬಾಪೂಜಿ ವಿದ್ಯಾಸಂಸ್ಥೆ, 1965ರಲ್ಲಿ ಜೆಜೆಎಂ ವೈದ್ಯಕೀಯ ಕಾಲೇಜು, 1979ರಲ್ಲಿ ಬಿಐಇಟಿ, 2009ರಲ್ಲಿ ತೋಳಹುಣಸೆಯ ಶಿವಗಂಗೋತ್ರಿಯಲ್ಲಿ ವಿಶ್ವವಿದ್ಯಾಲಯ. ಡಿಆರ್‌ಎಂ ಕಾಲೇಜು, ಚಿಗಟೇರಿ ಆಸ್ಪತ್ರೆ ಎಂದು ಊರಲ್ಲಿ ಓಡಾಡುವ ಹೆಸರುಗಳೆಲ್ಲ ಅಂಗಡಿ, ಮಂಡಿ, ಮಿಲ್ಲಿನ ಮನೆತನಗಳವು. ಹಳೆಯ ಊರು ರೈಲ್ವೆ ಹಳಿಯ ಆಚೆ ಉಳಿಯಿತು, ಕಾಲೇಜಿನ ಸುತ್ತ ಹೊಸ ಊರು ಬೆಳೆಯಿತು. 1997ರ ಆಗಸ್ಟ್ 15ರಂದು ಜೆ.ಎಚ್. ಪಟೇಲರ ಸರ್ಕಾರ ಚಿತ್ರದುರ್ಗ, ಶಿವಮೊಗ್ಗ, ಬಳ್ಳಾರಿಗಳಿಂದ ತಾಲ್ಲೂಕುಗಳನ್ನು ಬಿಡಿಸಿ ಜಿಲ್ಲೆ ಮಾಡಿತು, 2007ರಲ್ಲಿ ಮಹಾನಗರ ಪಾಲಿಕೆಯಾಯಿತು, 2016ರ ಜನವರಿಯಲ್ಲಿ ದೇಶದ ಮೊದಲ ಇಪ್ಪತ್ತು ಸ್ಮಾರ್ಟ್ ಸಿಟಿಗಳ ಪಟ್ಟಿಗೆ ಬೆಳಗಾವಿಯ ಜೊತೆ ಸೇರಿತು. ಓದಿನ ಊರಿಗೆ ಬರುವ ಮಕ್ಕಳಲ್ಲಿ ಡೊನೇಷನ್ ಕಟ್ಟಬಲ್ಲವರೇ ಹೆಚ್ಚಾದರು ಎಂಬ ಕೊರಗು ನನ್ನದು. ಸುತ್ತಲ ಹಳ್ಳಿಯ ರೈತನ ಮಗಳು ಅದೇ ಕಾಲೇಜಿನ ಗೇಟು ದಾಟಲು ಪಡುವ ಪಾಡನ್ನು ದಾನಿಗಳ ಹೆಸರು ಮರೆಸಬಾರದು.

ಸ್ಮಾರ್ಟ್ ಸಿಟಿಯ ಬೋರ್ಡುಗಳು ಕಾಣದ ಇನ್ನೊಂದು ದಾವಣಗೆರೆ ಆಜಾದ್ ನಗರ, ಬಾಷಾ ನಗರದ ಕಡೆ ಇದೆ. ಮಂಡಕ್ಕಿ ಭಟ್ಟಿಗಳ ಬಡಾವಣೆ. ನಸುಕಿನಲ್ಲಿ ಅಲ್ಲಿ ಹೋದರೆ ತಗ್ಗು ಮಾಡಿನ ಶೆಡ್ಡುಗಳಿಂದ ಹೊಗೆ ಏಳುತ್ತಿರುತ್ತದೆ. ನೆನೆಸಿ, ಬೇಯಿಸಿ, ಒಣಗಿಸಿ, ಸಿಪ್ಪೆ ಸುಲಿದ ಅಕ್ಕಿಗೆ ಉಪ್ಪುನೀರು ಹಿಡಿಸಿ ಇಟ್ಟಿರುತ್ತಾರೆ. ಕೆಂಡದಂಥ ಒಲೆಯ ಮೇಲೆ ಬಾಣಲೆ, ಬಾಣಲೆಯಲ್ಲಿ ಕಾದ ಮರಳು. ಒಂದು ಹಿಡಿ ಅಕ್ಕಿ ಬಿದ್ದು ಎರಡು ಸಲ ಮಗುಚುವಷ್ಟರಲ್ಲಿ ಚಟಪಟ ಅರಳಿ ಬಾಣಲೆ ತುಂಬುತ್ತದೆ. ಮರುಗಳಿಗೆಗೇ ಜರಡಿಗೆ ಸುರಿದು ಮರಳು ಕೆಳಗೆ, ಮಂಡಕ್ಕಿ ಮೇಲೆ. ಒಂದು ಗಳಿಗೆ ತಡವಾದರೂ ಸೀಯುತ್ತದೆ, ಮೊದಲಾದರೆ ಗಟ್ಟಿ ಉಳಿಯುತ್ತದೆ. ಒಲೆಯ ಮುಂದೆ ನಿಂತವನ ಮುಂಗೈ ಕೂದಲು ಸುಟ್ಟು ಹೋಗಿರುತ್ತದೆ, ಕಣ್ಣು ಕೆಂಪಗಿರುತ್ತದೆ. ಸಂಜೆ ನಾವು ಮಿರ್ಚಿಯ ಜೊತೆ ತಿನ್ನುವ ಮಂಡಕ್ಕಿ ಇದು. ಉರುವಲಿಗೆ ಹಳೆ ಟೈರು ಸುಡುವುದು, ಮಕ್ಕಳನ್ನು ದುಡಿಸುವುದು ಇಲ್ಲಿ ಬಹುಕಾಲದ ದೂರು. ಇದಕ್ಕೆ ಬೇಕಾದದ್ದು ದಾಳಿ, ದಂಡಗಳ ಜೊತೆಗೆ ಹೊಗೆಯಿಲ್ಲದ ಒಲೆ, ಅದಕ್ಕೆ ಸಾಲ, ದುಡಿಯುವವರಿಗೆ ಆಸ್ಪತ್ರೆಯ ಖಾತ್ರಿ. ಮಿಲ್ಲು ಮುಚ್ಚಿದಾಗ ಕಾರ್ಮಿಕರನ್ನು ಕೈಬಿಟ್ಟ ಊರು ಭಟ್ಟಿಯವರನ್ನೂ ಕೈಬಿಡಬಾರದು.

ಎರಡು ಊರಿನ ನಡುವಿನ ಹದಿನಾಲ್ಕು ಕಿಲೋಮೀಟರಿನಲ್ಲಿ ಈಗ ಹೊಲ ಕಮ್ಮಿ, ಲೇಔಟಿನ ಕಲ್ಲು ಜಾಸ್ತಿ. ಪಿ.ಬಿ. ರಸ್ತೆಯುದ್ದಕ್ಕೂ ದೊಡ್ಡಬಾತಿಯ ಗುಡ್ಡದವರೆಗೆ ದಾವಣಗೆರೆ ಚಾಚಿದೆ, ಆ ಕಡೆಯಿಂದ ಹರಿಹರ ಬರುತ್ತಿದೆ. ನಗರಾಭಿವೃದ್ಧಿ ಪ್ರಾಧಿಕಾರವಂತೂ ಎರಡಕ್ಕೂ ಸೇರಿ ಒಂದೇ. ನೀರೂ ಒಂದೇ. ದಾವಣಗೆರೆಗೆ ಹೊಳೆಯಿಲ್ಲ ಎಂದು ಮೊದಲಿಗೆ ಹೇಳಿದೆನಲ್ಲ, ಊರು ಲಕ್ಷ ದಾಟಿದ ಮೇಲೆ ಕುಡಿಯಲು ಅದೇ ಹೊಳೆ ಬೇಕಾಯಿತು. ಕುಂದವಾಡ ಕೆರೆ, ಟಿ.ವಿ. ಸ್ಟೇಷನ್ ಕೆರೆಗಳನ್ನು ಭದ್ರಾ ನಾಲೆಯಿಂದ ತುಂಬಿಸುತ್ತಾರೆ. ಉಳಿದದ್ದು ಹರಿಹರ ತಾಲ್ಲೂಕಿನ ರಾಜನಹಳ್ಳಿಯ ಬಳಿ ತುಂಗಭದ್ರೆಯಿಂದ ಪಂಪಾಗಿ ಬರುತ್ತದೆ. ನಾಲೆಗೆ ನೀರು ಬಿಡುವುದು ನಿಂತ ಬೇಸಿಗೆಯಲ್ಲಿ ಕೊನೆ ಭಾಗದ ಭತ್ತದ ರೈತ ಮತ್ತು ನಗರದ ನಲ್ಲಿ ಎರಡೂ ಒಂದೇ ಅಣೆಕಟ್ಟಿನ ಮಟ್ಟ ನೋಡುತ್ತ ಕೂರುತ್ತವೆ. ಆದ್ದರಿಂದ ಹೊಸ ಬಡಾವಣೆಗೆ ಮಂಜೂರಾತಿ ಕೊಡುವ ಮುನ್ನ ಪ್ರಾಧಿಕಾರ ನೋಡಬೇಕಾದ ನಕ್ಷೆಯಲ್ಲಿ ರಸ್ತೆಯ ಅಗಲದ ಜೊತೆಗೆ ಹರಿದ್ರಾ ಹಳ್ಳದ ಪಾತ್ರ, ಬಾತಿ ಕೆರೆಯ ಕೋಡಿ, ಹೊಳೆಗೆ ಇಳಿಯುವ ಹರಿಹರದ ಚರಂಡಿಗಳೂ ಇರಬೇಕು. ಆ ಚರಂಡಿ ನೀರನ್ನು ಶುದ್ಧ ಮಾಡುವ ಖರ್ಚಿನಲ್ಲಿ ಹೊಳೆಯ ನೀರು ಕುಡಿಯುವ ದಾವಣಗೆರೆಯೂ ಪಾಲು ಹಾಕಲಿ.